ಕುಡಿತ ನಮ್ಮ ಜಾತಿಗುಣವಲ್ಲ, ಅವರ ಆದಾಯ



ತರೀಕೆರೆ ತೋಟಗಳಲ್ಲಿ ಅಡಿಕೆ ಸುಲಿತ ಶುರುವಾದರೆ ಕೇರಿಗೆ ನಾಲ್ಕು ಕಾಸು ಬರುತ್ತದೆ. ಅಜ್ಜಂಪುರದಲ್ಲಿ ಈರುಳ್ಳಿ ಕಿತ್ತಾಗ ಬರುತ್ತದೆ. ಮಳೆ ಕೈಕೊಡುವ ಕಡೂರಿನಲ್ಲಿ ಅದಕ್ಕೂ ಖಾತ್ರಿಯಿಲ್ಲ. ಬಂದ ಕಾಸು ಮನೆ ಸೇರೋದಕ್ಕೆ ಮುಂಚೆ ಹೆಂಡದಂಗಡಿ ಕೈ ಚಾಚಿರುತ್ತದೆ. ಇದನ್ನು ನೋಡಿ ಊರಿನ ದೊಡ್ಡೋರು, 'ಇವರಿಗೆ ಎಷ್ಟು ಕೂಲಿ ಕೊಟ್ಟರೂ ಅಷ್ಟೇ, ಕುಡಿಯೋದು ಇವರ ಜಾತಿಗುಣ' ಅಂತಾರೆ.

ಸ್ವಾಮಿ, ಲೆಕ್ಕ ತೆಗೀರಿ. 2025ರ ಮಾರ್ಚಿ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ ಒಂದೇ ವರ್ಷಕ್ಕೆ 40,000 ಕೋಟಿ ರೂಪಾಯಿ ಎತ್ತುವ ಗುರಿ ಇಟ್ಟುಕೊಂಡಿತು. ಕುಡಿಯುವವನದು ಗುಣವಂತೆ, ಕುಡಿಸುವವನದು ಗುರಿಯಂತೆ! ಮಾದಕ ಪಾನೀಯ ನಿಲ್ಲಿಸಲು ಸರ್ಕಾರ ಪ್ರಯತ್ನಿಸಬೇಕು ಎನ್ನುವ ಸಂವಿಧಾನದ 47ನೇ ವಿಧಿ ಯಾವ ಕಪಾಟಿನಲ್ಲಿದೆ?

1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು 300ಕ್ಕೂ ಹೆಚ್ಚು ಬಡವರು ಸತ್ತರು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಪಾಕೀಟು ಹೋಗಿ ಅದೇ ಕೈಗೆ 90 ಎಂಎಲ್ ವಿಸ್ಕಿ ಪಾಕೀಟು ಬಂತು. ಹೆಸರು ಬೇರೆ, ಸುಡುವ ಲಿವರು ಅದೇ.

ದಿನಾ ಕುಡಿದರೆ ಮೊದಲು ಲಿವರಿಗೆ ಕೊಬ್ಬು ಕಟ್ಟುತ್ತದೆ, ಆಮೇಲೆ ಊದುತ್ತದೆ, ಕೊನೆಗೆ ಗಂಟುಗಟ್ಟಿ ಗಟ್ಟಿಯಾಗುತ್ತದೆ. ಕಣ್ಣು ಹಳದಿ, ಹೊಟ್ಟೆ ತುಂಬ ನೀರು, ರಕ್ತದ ವಾಂತಿ. ಊಟ ಬಿಟ್ಟು ಕುಡಿಯುವವನಿಗೆ ಬಿ1 ಜೀವಸತ್ವ ಬತ್ತಿ ನಡಿಗೆಯೂ ನೆನಪೂ ತಪ್ಪುತ್ತವೆ.

ಹಸಿವು, ನಿದ್ದೆ ತಡೆಯೋಕೆ ಬಾಯಿಗೆ ಹಾಕುವ ಅಡಿಕೆ-ತಂಬಾಕು ಇನ್ನೊಂದು ಚಾಟಿ. ಎರಡೂ ಬಾಯಿ ಕ್ಯಾನ್ಸರ್ ತರುತ್ತವೆ. ಅಡಿಕೆ ಜಗಿದು ಜಗಿದು ಕೆನ್ನೆ ಒಳಗೆ ಬಿಗಿದು, ತುತ್ತು ಇಡಲೂ ಬಾಯಿ ತೆರೆಯದಂತಾಗುತ್ತದೆ. ಸಾವುಕಾರನಿಗೆ ರಾತ್ರಿಯ ದುಡಿಮೆ ಲಾಭ, ನಮಗೆ ಬಾಯಿಹುಣ್ಣು.

ಹಾಗಂತ ಕುಡಿಯುವವನನ್ನು ಹೊಡೆದು, ಕಟ್ಟಿಹಾಕಿ ಬಿಡಿಸಬೇಡಿ. ಬಹಳ ದಿನದಿಂದ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗಿ, ಫಿಟ್ಸ್ ಬಂದು, ಇಲ್ಲದ್ದೆಲ್ಲ ಕಂಡು, ಪ್ರಾಣವೂ ಹೋಗಬಹುದು. ಅದು ದೆವ್ವವಲ್ಲ, ಮಂತ್ರವಾದಿಗೆ ದುಡ್ಡು ಸುರೀಬೇಡಿ. ಅದು ಕಾಯಿಲೆ, ಡಾಕ್ಟರ ಕೈಲೇ ಬಿಡಿಸಬೇಕು. ಸರ್ಕಾರದ ಟೆಲಿ-ಮಾನಸ್ ನಂಬರು 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಕೇಳಬಹುದು, ದುಡ್ಡಿಲ್ಲ.

1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಜನರಿಂದ ಮಾಡಿಸಿದ 22 ಪ್ರತಿಜ್ಞೆಗಳಲ್ಲಿ ಹೆಂಡ ಮುಟ್ಟುವುದಿಲ್ಲ ಎಂಬುದೂ ಒಂದು. ಅದು ಮಡಿವಂತರ ಉಪದೇಶವಲ್ಲ. ಅಮಲಿನಲ್ಲಿರುವವನು ತನ್ನ ಕೂಲಿಯ ಲೆಕ್ಕ ಕೇಳಲಾರ, ಅದು ಅವರಿಗೆ ಗೊತ್ತಿತ್ತು. 1980ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ 'ಹೆಂಡ ಬೇಡ, ವಸತಿ ಶಾಲೆ ಬೇಕು' ಅಂತ ಬೀದಿಗಿಳಿದದ್ದೂ ಇದಕ್ಕೇ.

ಈಗ ನಮ್ಮ ಕೇಳಿಕೆ ಮೂರು. ಕೇರಿ ಬಾಯಲ್ಲಿ ಲೈಸೆನ್ಸಿಲ್ಲದೆ ಪಾಕೀಟು ಮಾರೋದು 1965ರ ಅಬಕಾರಿ ಕಾಯಿದೆಯಂತೆ ಅಪರಾಧ, ಅದನ್ನು ನಿಲ್ಲಿಸಿ. ಮೂರೂ ತಾಲ್ಲೂಕಿನಲ್ಲಿ ಕುಡಿತ ಬಿಡಿಸುವ ಹಾಸಿಗೆ, ಔಷಧಿ ಕೊಡಿ. ಕೂಲಿಯನ್ನು ಪೂರ್ತಿ ದುಡ್ಡಿನಲ್ಲೇ ಕೊಡಿ, ಅದರೊಳಗೆ ಎಣ್ಣೆ ಸೇರಿಸಬೇಡಿ.

ತಾಯಂದಿರೇ, ಮುಂದಿನ ಗ್ರಾಮಸಭೆಗೆ ಬನ್ನಿ. ಅರ್ಜಿ ಬರೆಸಿ, ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ. ನಮ್ಮ ಲಿವರಿನಿಂದ ಖಜಾನೆ ತುಂಬಿದ್ದು ಸಾಕು!