‘ನಿಮ್ಮಲ್ಲಿ ಲೀಡರ್ ಗುಣ ಇದೆ’ ಅಂದಾಗ ಕೇಳಬೇಕಾದ ಪ್ರಶ್ನೆ

ನೆಟ್‌ವರ್ಕ್ ಮಾರ್ಕೆಟಿಂಗ್ ಮಾಡುವವರು ಊರಲ್ಲಿ ಮೊದಲು ಯಾರನ್ನು ಆರಿಸಿಕೊಳ್ಳುತ್ತಾರೆ, ಗಮನಿಸಿದ್ದೀರಾ? ನಾವು ಕಂಡ ಹಾಗೆ ಸ್ವಸಹಾಯ ಸಂಘ ನಡೆಸುವ ಅಕ್ಕ, ಟ್ಯೂಷನ್ ಹೇಳುವ ಹುಡುಗ, ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವವರು. ‘ನಿಮ್ಮಲ್ಲಿ ಲೀಡರ್ ಗುಣ ಇದೆ, ನಾನೇ ಜೊತೆಗಿದ್ದು ಬೆಳೆಸ್ತೀನಿ’ ಅನ್ನುತ್ತಾರೆ.

ಇವರಲ್ಲಿ ವ್ಯಾಪಾರ ಗೊತ್ತಿದ್ದವರು ಕಡಿಮೆ. ಆದರೆ ಊರವರು ಇವರ ಮಾತು ನಂಬುತ್ತಾರೆ. ಆರಿಸುವವರ ಕಣ್ಣು ಆ ನಂಬಿಕೆಯ ಮೇಲಿರುತ್ತದೆ.

ನಮ್ಮ ಬಳಗದ ಒಬ್ಬರ ಚಿಕ್ಕಮ್ಮ ಹೀಗೇ ಆಯ್ಕೆಯಾದರು. ಸಂಘದ ಸಾಲ ತೆಗೆದು ಶಾಂಪೂ, ಪೌಡರ್ ಡಬ್ಬಿ ತರಿಸಿದರು. ಸಂಘದ ನಾಲ್ವರನ್ನು ಸೇರಿಸಿದರು. ಐದನೆಯವರು ಸಿಗಲಿಲ್ಲ. ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದ ಮೇಲಿನವರು ಆಮೇಲೆ ಫೋನ್ ಎತ್ತಲಿಲ್ಲ. ಡಬ್ಬಿಗಳು ಅಟ್ಟ ಸೇರಿದವು. ವಾರದ ಕಂತು ನಿಲ್ಲಲಿಲ್ಲ. ಆ ನಾಲ್ವರು ಇವತ್ತಿಗೂ ಚಿಕ್ಕಮ್ಮನ ಜೊತೆ ಮಾತಾಡುವುದಿಲ್ಲ.

ಜನ ಸೇರಿಸುವುದೇ ಕೆಲಸವಾದರೆ ಆಗುವುದು ಇಷ್ಟೇ. ಲೆಕ್ಕ ಹಾಕಿ ನೋಡಿ. ಒಬ್ಬರು 6 ಜನರನ್ನು, ಆ ಆರು ಜನ ತಲಾ 6 ಜನರನ್ನು ಸೇರಿಸಿದರೆ 36. ಹೀಗೇ ಹೋದರೆ ಹತ್ತನೇ ಸಾಲಿಗೇ 6 ಕೋಟಿ 4 ಲಕ್ಷಕ್ಕೂ ಹೆಚ್ಚು ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆಯೇ ಸುಮಾರು 6 ಕೋಟಿ 11 ಲಕ್ಷ! ಕೊನೆಗೆ ಸೇರಿದವರು ಯಾರನ್ನು ಸೇರಿಸಬೇಕು?

ನೇರ ಮಾರಾಟ ತಪ್ಪಲ್ಲ. ಅದಕ್ಕೆ ಕೇಂದ್ರ ಸರ್ಕಾರದ 2021ರ ನಿಯಮಗಳಿವೆ. ಜನ ಸೇರಿಸಿದ್ದಕ್ಕೇ ಹಣ ಕೊಡುವ ಪಿರಮಿಡ್ ಯೋಜನೆಯನ್ನು ಆ ನಿಯಮಗಳು ನಿಷೇಧಿಸಿವೆ. ಹಣ ಸುತ್ತಿಸುವ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ಸಾಮಾನು ಮಾರಿ ಬಂದ ಲಾಭವಾದರೆ ಸರಿ, ಜನರನ್ನು ತಂದಿದ್ದಕ್ಕೆ ಬಂದ ದುಡ್ಡಾದರೆ ತಪ್ಪು.

ಈಗಾಗಲೇ ಟೀಮ್ ಕಟ್ಟಿರುವ ಅಣ್ಣಂದಿರಿಗೆ, ಅಕ್ಕಂದಿರಿಗೆ ನಮ್ಮದೊಂದು ಮಾತು. ಯಾರಿಗಾದರೂ ಕೆಲಸ ಕಲಿಸುವುದಾದರೆ, ನೆಂಟರಲ್ಲದವರಿಗೂ ಸಾಮಾನು ಮಾರಬಲ್ಲವರನ್ನು ಆರಿಸಿ. ಒಮ್ಮೆ ಕೊಂಡವರು ಮತ್ತೆ ಕೇಳಿಕೊಂಡು ಬರುತ್ತಾರಾ ನೋಡಿ. ಖರ್ಚು ಕಳೆದು ಉಳಿದದ್ದೆಷ್ಟು ಎಂದು ಪುಸ್ತಕದಲ್ಲಿ ಬರೆದಿಡುವವರನ್ನು ಆರಿಸಿ. ಪ್ರಶ್ನೆ ಕೇಳುವವರನ್ನು ‘ನೆಗೆಟಿವ್’ ಅಂತ ದೂರ ಇಡಬೇಡಿ. ಸಾಲದಲ್ಲಿ ಮುಳುಗಿದವರನ್ನು, ಅವರ ಕಷ್ಟವೇ ಛಲ ಎಂದುಕೊಂಡು, ದಯವಿಟ್ಟು ಎಳೆಯಬೇಡಿ.

ಆಯ್ಕೆಯಾದವರು ನೀವಾದರೆ ಒಂದೇ ಪ್ರಶ್ನೆ ಕೇಳಿ: ‘ನಾನು ಒಬ್ಬರನ್ನೂ ಸೇರಿಸದೆ, ಬರೀ ಸಾಮಾನು ಮಾರಿದರೆ ತಿಂಗಳಿಗೆ ಎಷ್ಟು ಉಳಿಯುತ್ತದೆ? ನಿಮ್ಮ ಲೆಕ್ಕದ ಪುಸ್ತಕ ತೋರಿಸಿ.’ ಕಾರಿನ ಫೋಟೊ ತೋರಿಸಿದರೆ ಎದ್ದು ಬನ್ನಿ. ಮೋಸ ಹೋಗಿದ್ದರೆ ನಾಚಿಕೆ ಬೇಡ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಸಂಘದ ಸಾಲ ಇವತ್ತಲ್ಲ ನಾಳೆ ತೀರುತ್ತದೆ. ಊರವರ ನಂಬಿಕೆ ಹೋದರೆ ಅದನ್ನು ಯಾವ ಕಂತು ಕಟ್ಟಿ ವಾಪಸ್ ತರುತ್ತೀರಿ?