ಹಗ್ಗ ಕೈ ಬದಲಾಗುವ ಮುನ್ನ



ಮಾರ್ಗಶಿರ ಮಾಸದಲ್ಲಿ ನಾಂದೇಡ ಜಿಲ್ಲೆಯ ಮಾಳೇಗಾಂವದಲ್ಲಿ ಖಂಡೋಬನ ಜಾತ್ರೆ ಕೂಡುತ್ತದೆ. ನಮ್ಮ ಕಡೆಯವರು ಆತನನ್ನೇ ಮೈಲಾರಲಿಂಗನೆಂದು ನಡೆದುಕೊಳ್ಳುತ್ತಾರೆ. ದೇವರು ಕುದುರೆ ಏರಿದವನು. ಜಾತ್ರೆಯೂ ಕುದುರೆ ವ್ಯಾಪಾರಕ್ಕೆ ಹೆಸರಾದದ್ದು. ಕೆಲವು ವರ್ಷಗಳ ಹಿಂದೆ ಶ್ರೀಮಠದ ಶಿಷ್ಯನೊಬ್ಬ ಅಲ್ಲಿಂದ ಹೆಣ್ಣುಗುದುರೆಯೊಂದನ್ನು ಕೊಂಡುತಂದ. ಮೂರನೆಯ ದಿನವೇ ಅದು ಕುಂಟತೊಡಗಿತು. ಪಶುವೈದ್ಯರು ನೋಡಿ, ಕುಂಟು ಹಳೆಯದು, ನೋವು ಕಾಣದಂತೆ ಸೂಜಿಮದ್ದು ಚುಚ್ಚಿ ಮಾರಿರಬೇಕು ಎಂದರು. ಮಾರಿದವನಿಗೆ ಹೇಳಿ ಕಳಿಸಿದರೆ, "ಹಗ್ಗ ಕೈಗೆ ಕೊಟ್ಟ ಮೇಲೆ ನಮ್ಮದೇನಿದೆ? ಕಣ್ಣಿದ್ದವರು ನೋಡಿ ಕೊಳ್ಳಬೇಕಿತ್ತು" ಎಂಬ ಉತ್ತರ ಬಂತು.

ಈ ಮಾತನ್ನು ನಾವು ಒಪ್ಪಲಾರೆವು. ಕೊಳ್ಳುವವನು ಹಲ್ಲು ನೋಡಿ ವಯಸ್ಸು ತಿಳಿಯಬಹುದು, ಗೊರಸು ಎತ್ತಿ ನೋಡಬಹುದು, ನಡೆಸಿ ಓಡಿಸಿ ನೋಡಬಹುದು. ಸೂಜಿಯ ಗುಟ್ಟನ್ನು ಯಾವ ಕಣ್ಣು ಕಂಡೀತು? ಸಾಕಿದವನೊಬ್ಬನಿಗೇ ಗೊತ್ತಿರುವುದನ್ನು ಸಾಕಿದವನೇ ಹೇಳಬೇಕು. ಹೇಳದೆ ಪಡೆದ ಬೆಲೆ ಕುದುರೆಯದಲ್ಲ.

ಹಾಗೆಂದು ತಪ್ಪನ್ನೆಲ್ಲ ಮಾರುವವನ ಮೇಲೆ ಹೊರಿಸಿ ಏಳುವಂತಿಲ್ಲ. ಕುದುರೆ ಗಬ್ಬವಾದರೆ ಈಯಲು ಸುಮಾರು 11 ತಿಂಗಳು ಬೇಕು. ಮರಿಯ ಬೆನ್ನು ಬಲಿತು ಸವಾರಿಗೆ ಒದಗಲು ಮತ್ತೆ ಮೂರು ವರ್ಷ. ಅಷ್ಟೂ ದಿನ ಹುಲ್ಲು, ಹುರುಳಿ, ಕಡಲೆ, ಔಷಧ, ಲಾಳ. ಕೆಲವೊಮ್ಮೆ ಗಬ್ಬ ನಿಲ್ಲುವುದಿಲ್ಲ. ನಿಂತರೂ ಮರಿ ಉಳಿಯುವುದಿಲ್ಲ. ಆ ಖರ್ಚೂ ಉಳಿದ ಮರಿಯ ಬೆಲೆಯಲ್ಲೇ ಹುಟ್ಟಬೇಕು. ಇದಾವುದನ್ನೂ ಎಣಿಸದೆ ಜಾತ್ರೆ ಮುಗಿಯುವವರೆಗೆ ಕಾದು, ಮೇವು ತೀರಿದವನ ಮುಂದೆ ನಿಂತು ಅರ್ಧ ಬೆಲೆಗೆ ಕೇಳುವವರು ನಮ್ಮ ಭಕ್ತರಲ್ಲಿಯೂ ಇದ್ದಾರೆ. ಬರಗಾಲದಲ್ಲಿ ಎತ್ತು ಮಾರಿದ ಹಿರಿಯರಿಗೆ ಆ ಸಂಕಟವನ್ನು ನಾವು ವಿವರಿಸಬೇಕಾಗಿಲ್ಲ. ಇನ್ನು ಟವಲಿನ ಕೆಳಗೆ ಬೆರಳು ಹಿಡಿದು ಇಬ್ಬರಿಗೂ ಬೇರೆ ಬೇರೆ ಬೆಲೆ ಹೇಳುವ ದಲ್ಲಾಳಿಯ ಮಾತು ಬಿಡಿ.

ವಿಜಯನಗರಕ್ಕೆ ಕುದುರೆಗಳು ಹೊರ್ಮುಜ್, ಏಡನ್ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದವು. 16ನೆಯ ಶತಮಾನದಲ್ಲಿ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಂತೆ, ಹಿಂದಿನ ಅರಸ ಸಾಳುವ ನರಸಿಂಹ ಸಾವಿರ ವರಹಕ್ಕೆ ಮೂರರಂತೆ, ಸತ್ತವನ್ನೂ ಬದುಕಿದ್ದವನ್ನೂ ಕೊಳ್ಳುತ್ತಿದ್ದನಂತೆ. ಕಡಲಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಅದಕ್ಕೂ ಹಣ ಎಣಿಸುತ್ತಿದ್ದ. ಅರಸನಿಗೆ ದಂಡಿಗಾಗಿ ಕುದುರೆ ಬೇಕಾಗಿತ್ತು, ಬೊಕ್ಕಸವೂ ಇತ್ತು, ನಿಜ. ಆದರೂ ದಾರಿಯ ನಷ್ಟವನ್ನು ತಂದವನೊಬ್ಬನ ತಲೆಗೇ ಕಟ್ಟಲಿಲ್ಲ. ಸಾಕುವ ಮನೆ ಉಳಿದರೆ ತಾನೇ ಮುಂದಿನ ವರ್ಷ ಕೊಳ್ಳಲು ಕುದುರೆ?

ನಮ್ಮ ಶಿಷ್ಯ ಆ ಕುಂಟುಗುದುರೆಯನ್ನು ಬಾಯಿ ಬಿಡದೆ ಮತ್ತೊಬ್ಬನಿಗೆ ದಾಟಿಸಲು ಹೊರಟಿದ್ದ. ಕುಂಟು ಇದೆಯೆಂದು ಹೇಳಿಯೇ ಮಾರಪ್ಪಾ ಎಂದೆವು. ಹೇಳಿದ, ಕೊಟ್ಟ ಹಣದಲ್ಲಿ ಮೂರರಲ್ಲೊಂದು ಪಾಲು ಕೈಗೆ ಬಂತು. ಕೊಂಡವನು ಅದನ್ನು ಸವಾರಿಗೆ ಬಳಸದೆ ಮರಿಗಾಗಿ ಸಾಕಿಕೊಂಡಿದ್ದಾನೆ. ಶಿಷ್ಯನಿಗೆ ಮಾತ್ರ ನಮ್ಮ ಮೇಲೆ ಇನ್ನೂ ಸ್ವಲ್ಪ ಮುನಿಸಿದೆ.