ಸಾಹೇಬ್ರು ಬರ್ತಾರಂತೆ... ಮೆಟ್ಟಿಲು ಖಾಲಿ ಮಾಡ್ರಿ!

"ನಾಡಿದ್ದು ಇನ್ಸ್‌ಪೆಕ್ಷನ್ ಐತಂತೆ!"

ಬಸ್ ಸ್ಟ್ಯಾಂಡಿನ ಎದುರಿಗಿರುವ ಯಾವ ಕಾಂಪ್ಲೆಕ್ಸಿನಲ್ಲಾದರೂ ಸರಿ, ಈ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಆಮೇಲೆ ಅಲ್ಲಿನ ಸಡಗರ ನೋಡಬೇಕು. ಹೆಣ್ಣು ನೋಡಲು ಗಂಡಿನ ಕಡೆಯವರು ಬರುವ ದಿನ ಮನೆಯಲ್ಲಿ ಏನೇನು ನಡೆಯುತ್ತದೋ ಅದೆಲ್ಲ ಇಲ್ಲೂ ನಡೆಯುತ್ತದೆ. ವರ್ಷಗಟ್ಟಲೆ ಮೆಟ್ಟಿಲ ಮೇಲೆ ಕೂತಿದ್ದ ಬಟ್ಟೆ ಅಂಗಡಿಯ ರಟ್ಟಿನ ಡಬ್ಬಗಳು ರಾತ್ರೋರಾತ್ರಿ ಮಾಯ. ಮೀಟರ್ ಬೋರ್ಡಿನ ಕೆಳಗಿದ್ದ ಪೊರಕೆ, ಹಳೇ ಬ್ಯಾನರು, ಪೇಂಟ್ ಡಬ್ಬ ಎಲ್ಲ ಹಿತ್ತಲಿಗೆ. ತಾರಸಿ ಬಾಗಿಲ ಬೀಗದ ಕೈಗಾಗಿ ಇಡೀ ದಿನ ಹುಡುಕಾಟ. ಎಲೆ ಅಡಿಕೆ ಉಗಿದ ಗೋಡೆಗೆ ಒಂದು ಕೋಟು ಸುಣ್ಣ. ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೆ ಒದ್ದೆ ಬಟ್ಟೆಯ ಸ್ನಾನ. ಒಂದೆರಡು ಕಡಿಮೆ ಬಿದ್ದರೆ ಪಕ್ಕದ ಬಿಲ್ಡಿಂಗಿನಿಂದ ಕೈಸಾಲ!

ಸಾಹೇಬರು ಬಂದರು, ನೋಡಿದರು, ಕಾಫಿ ಕುಡಿದರು, ಹೋದರು. ಜೀಪು ಸರ್ಕಲ್ ದಾಟುವಷ್ಟರಲ್ಲಿ ರಟ್ಟಿನ ಡಬ್ಬಗಳು ಮತ್ತೆ ಮೆಟ್ಟಿಲ ಮೇಲೆ ಹಾಜರ್!

ಇದಕ್ಕೆ ತಯಾರಿ ಅಂತಾರೇನ್ರೀ? ಇದು ಒಂದು ದಿನದ ನಾಟಕ. ಸಾಹೇಬರಾದರೆ ಮುಂಚೆ ಹೇಳಿ ಬರುತ್ತಾರೆ. ಬೆಂಕಿ ನೋಟೀಸು ಕೊಟ್ಟು ಬರುವುದಿಲ್ಲ. ಕಾಫಿ ಕುಡಿದು ಹೋಗುವುದೂ ಇಲ್ಲ.

ಬೆಳಿಗ್ಗೆ ತೇಪೆ, ಸಂಜೆ ಹೆಣ

'ಈಗೇನೋ ಒಂದು ಮಾಡಿ ಮುಗಿಸು, ಆಮೇಲೆ ನೋಡೋಣ' ಎನ್ನುವ ಬುದ್ಧಿ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ದೆಹಲಿಯ ಉಪಹಾರ್ ಚಿತ್ರಮಂದಿರಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ಕಟ್ಟಡದ ಕೆಳ ಅಂತಸ್ತಿನಲ್ಲೇ ಟ್ರಾನ್ಸ್‌ಫಾರ್ಮರ್ ಇತ್ತು, ಪಕ್ಕದಲ್ಲೇ ಕಾರು ನಿಲ್ಲಿಸುವ ಜಾಗ. 1989ರಲ್ಲೇ ಒಮ್ಮೆ ಅಲ್ಲಿ ಬೆಂಕಿ ಕಾಣಿಸಿಕೊಂಡಿತ್ತು. ಅಷ್ಟಾದರೂ ಯಾರೂ ಎಚ್ಚರವಾಗಲಿಲ್ಲ. 1997ರ ಜೂನ್ 13ರ ಬೆಳಿಗ್ಗೆ ಟ್ರಾನ್ಸ್‌ಫಾರ್ಮರಿಗೆ ಮತ್ತೆ ಬೆಂಕಿ ತಗುಲಿತು. ಕರೆಂಟಿನವರು ಬಂದು, ಕೇಬಲ್ಲಿನ ತುದಿಯನ್ನು ಮಿಷನ್ನಿನಲ್ಲಿ ಒತ್ತಿ ಕೂರಿಸುವ ಬದಲು ಸುತ್ತಿಗೆಯಲ್ಲಿ ಬಡಿದು ಕೂರಿಸಿ ಹೋದರು. ಮಧ್ಯಾಹ್ನದ ಹೊತ್ತಿಗೆ ಲೈನು ಚಾಲೂ. ಸಂಜೆ ಐದರ ಸುಮಾರಿಗೆ, ಒಳಗೆ 'ಬಾರ್ಡರ್' ಚಿತ್ರ ಓಡುತ್ತಿದ್ದಾಗ, ಅದೇ ಸಡಿಲ ಜಾಯಿಂಟು ಕಿಡಿ ಕಾರಿತು. ಎಣ್ಣೆ ಹರಿದು ಕಾರುಗಳು ಹೊತ್ತಿಕೊಂಡವು. ಹೊಗೆ ಮೆಟ್ಟಿಲು ಹತ್ತಿ ಬಾಲ್ಕನಿಗೆ ನುಗ್ಗಿತು. ಅಲ್ಲಿ ನಾಲ್ಕು ಕಾಸಿನ ಆಸೆಗೆ ಹೆಚ್ಚುವರಿ ಸೀಟು ಹಾಕಿ ಓಡಾಡುವ ದಾರಿಯನ್ನೇ ಮುಚ್ಚಿದ್ದರು. ಸತ್ತವರು 59 ಮಂದಿ. ಬೆಂದು ಸತ್ತದ್ದಲ್ಲ, ಉಸಿರು ಕಟ್ಟಿ ಸತ್ತದ್ದು. ಕೇಸು ವರ್ಷಗಟ್ಟಲೆ ಎಳೆಯಿತು. 2015ರಲ್ಲಿ ಸುಪ್ರೀಂ ಕೋರ್ಟು ಮಾಲೀಕರಿಬ್ಬರಿಗೆ ತಲಾ 30 ಕೋಟಿ ರೂಪಾಯಿ ದಂಡ ಹಾಕಿತು. ಹೆಚ್ಚುವರಿ ಸೀಟಿನಿಂದ ಎಷ್ಟು ಗಿಟ್ಟಿತ್ತೋ ಆ ದೇವರೇ ಬಲ್ಲ!

'ದೆಹಲಿ ದೂರ, ನಮ್ಮ ಕಡೆ ಹಂಗೆಲ್ಲ ಆಗಲ್ಲ' ಎನ್ನುವವರಿಗೆ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಇದೆ. 2010ರ ಫೆಬ್ರವರಿ 23, ಹಳೇ ವಿಮಾನ ನಿಲ್ದಾಣದ ರಸ್ತೆ. ವೈರುಗಳು ಮೇಲೆ ಹೋಗುವ ಕೊಳವೆಯಂಥ ಜಾಗದಲ್ಲಿ ಹುಟ್ಟಿದ ಹೊಗೆ ಮಹಡಿ ಮಹಡಿಗೂ ಹಬ್ಬಿತು. ಪಾರಾಗುವ ದಾರಿ ಮುಚ್ಚಿಹೋದಾಗ ಜನ ಕಿಟಕಿ ಗಾಜು ಒಡೆದು ಕೆಳಗೆ ಹಾರಿದರು. ಒಂಬತ್ತು ಜೀವ ಹೋಯಿತು.

ಮೇಲೆ ಟ್ಯೂಷನ್, ಕೆಳಗೆ ಅಂಗಡಿ ಇರುವ ಕಾಂಪ್ಲೆಕ್ಸಿನವರು ಸೂರತ್ತಿನ ಸುದ್ದಿಯನ್ನಂತೂ ಮರೆಯಲೇಬಾರದು. 2019ರ ಮೇ 24ರಂದು ಅಲ್ಲಿನ ತಕ್ಷಶಿಲಾ ಎಂಬ ವಾಣಿಜ್ಯ ಕಟ್ಟಡದ ಮೇಲಂತಸ್ತಿನ ತರಗತಿಯಲ್ಲಿದ್ದ ಮಕ್ಕಳಿಗೆ ಇಳಿಯಲು ಮೆಟ್ಟಿಲೇ ಉಳಿಯಲಿಲ್ಲ. 22 ವಿದ್ಯಾರ್ಥಿಗಳು ತೀರಿಕೊಂಡರು. ಅವರಲ್ಲಿ ಕೆಲವರು ಮೇಲಿನಿಂದ ಹಾರಿ ಸತ್ತವರು.

ಮೂರು ಊರು, ಮೂರು ಕಟ್ಟಡ. ಮೂರರಲ್ಲೂ ಕಥೆ ಒಂದೇ: ಬೆಂಕಿ ಹುಟ್ಟಿದ್ದು ಕರೆಂಟಿನಿಂದ, ಜನ ಸತ್ತಿದ್ದು ದಾರಿ ಇಲ್ಲದೆ. ಆದ್ದರಿಂದ ಇನ್ಸ್‌ಪೆಕ್ಷನ್ನಿಗೆ ತಯಾರಾಗುವವರು ಸುಣ್ಣದ ಡಬ್ಬಿ ತೆರೆಯುವ ಮೊದಲು ನೋಡಬೇಕಾದ್ದು ಎರಡು: ದಾರಿ ಮತ್ತು ವೈರು.

ತಯಾರಿ ಅಂದರೆ ಇದು

ಮೊದಲು ದಾರಿ. ಒಬ್ಬ ದಪ್ಪ ಮನುಷ್ಯ, ಒಬ್ಬ ಮುದುಕಿ, ಕಂಕುಳಲ್ಲಿ ಕೂಸಿರುವ ಒಬ್ಬ ತಾಯಿ — ಈ ಮೂವರೂ ಕತ್ತಲಲ್ಲಿ ಮೇಲಿನಿಂದ ಬೀದಿಗೆ ಎಡವದೆ ಇಳಿಯಬಹುದೇ? ಇಳಿಯಲಾಗದಿದ್ದರೆ ಮಿಕ್ಕಿದ್ದೆಲ್ಲ ದಂಡ. ಹೊಗೆ ಯಾವಾಗಲೂ ಮೇಲಕ್ಕೇ ಹತ್ತುತ್ತದೆ. ಮೆಟ್ಟಿಲ ಕೆಳಗೆ ರಟ್ಟು, ಪ್ಲಾಸ್ಟಿಕ್ಕು, ಇನ್ವರ್ಟರ್ ಬ್ಯಾಟರಿ ಇಟ್ಟು, ಅದು ಸಾಲದು ಅಂತ ಈಗ ಎಲೆಕ್ಟ್ರಿಕ್ ಸ್ಕೂಟರ್ ಬೇರೆ ಚಾರ್ಜಿಗೆ ಹಾಕಿದರೆ, ಆ ಮೆಟ್ಟಿಲು ಬೆಂಕಿ ಬಿದ್ದ ದಿನ ಒಲೆಯ ಹೊಗೆಗೂಡಾಗುತ್ತದೆ. ತಾರಸಿ ಬಾಗಿಲಿಗೆ ಬೀಗ ಯಾಕೆ ಅಂದರೆ 'ಕುಡುಕರು ಬಂದು ಕೂರ್ತಾರೆ' ಅನ್ನುತ್ತಾರೆ. ನಿಜ ಇರಬಹುದು. ಒಳಗಿನಿಂದ ಬೀಗದ ಕೈ ಇಲ್ಲದೆ ತೆಗೆಯಬಹುದಾದ ಚಿಲಕ ಹಾಕಿಸಿದರೆ ಕುಡುಕರೂ ಬರುವುದಿಲ್ಲ, ಜನವೂ ಸಾಯುವುದಿಲ್ಲ. ನೂರಾರು ಜನ ಸೇರುವ ಹಾಲಿನ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲನ್ನು ಹಿಂದಿನವರ ನೂಕುನುಗ್ಗಲೇ ಮುಚ್ಚಿಬಿಡುತ್ತದೆ.

ಎರಡನೆಯದು ವೈರು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು ಅರ್ಧ ದಿನ ಕಟ್ಟಡ ಸುತ್ತಿಸಿದರೆ ಎಷ್ಟೋ ಗುಟ್ಟು ರಟ್ಟಾಗುತ್ತದೆ. ಕಪ್ಪಗಾದ ಸ್ವಿಚ್ಚು, ಮುಟ್ಟಿದರೆ ಬಿಸಿಯಾಗಿರುವ ಪ್ಲಗ್ಗು, ಟೇಪು ಸುತ್ತಿದ ಜಾಯಿಂಟು, ಫ್ಯೂಸ್ ಹೋದ ಕಡೆ ದಪ್ಪ ತಾಮ್ರದ ತಂತಿ — ಇವೆಲ್ಲ ಇಂದೋ ನಾಳೆಯೋ ಹೊತ್ತುವ ಕಡ್ಡಿಗಳು. ಎರಡು ಫ್ಯಾನು, ನಾಲ್ಕು ಟ್ಯೂಬ್‌ಲೈಟಿಗೆಂದು ಎಳೆದ ಲೈನಿನಲ್ಲಿ ಈಗ ಎ.ಸಿ., ಫ್ರಿಜ್ಜು, ಜೆರಾಕ್ಸ್ ಮಿಷನ್ನು ಓಡುತ್ತಿವೆ. ಎತ್ತು ಒಂದೇ, ಮೂಟೆ ಮಾತ್ರ ಹತ್ತು! ಶಾಕ್ ಹೊಡೆದರೆ ಲೈನು ಕಡಿಯುವ ಆರ್.ಸಿ.ಸಿ.ಬಿ. ಇದ್ದರೆ ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಒತ್ತಿದರೂ ಲೈನು ಹೋಗದಿದ್ದರೆ ಅದು ಬರೀ ಅಲಂಕಾರ.

ಇನ್ನು ಕೆಂಪು ಸಿಲಿಂಡರು. ಮೊಳೆಗೆ ನೇತುಹಾಕಿದ್ದರೆ ಸಾಲದು. ಮುಳ್ಳು ಹಸಿರು ಗೆರೆಯೊಳಗೆ ಇದೆಯೇ, ಪಿನ್ನು, ಸೀಲು ಇವೆಯೇ, ರೀಫಿಲ್ ತಾರೀಖು ದಾಟಿದೆಯೇ ನೋಡಬೇಕು. ಅಂಗಡಿ ಹುಡುಗ ಹುಡುಗಿಯರಿಗೆ ಒಮ್ಮೆಯಾದರೂ ಅದನ್ನು ಕೈಯಲ್ಲಿ ಹಿಡಿಸಿ ಕಲಿಸಿರಬೇಕು. ಪಿನ್ ಎಳೆ, ಬೆಂಕಿಯ ಬುಡಕ್ಕೆ ಗುರಿ ಇಡು, ಹಿಡಿ ಒತ್ತು, ಆ ಕಡೆ ಈ ಕಡೆ ಆಡಿಸು — ಇಷ್ಟೇ ಪಾಠ. ಕರೆಂಟಿನ ಬೆಂಕಿಗೂ ಬಾಣಲೆ ಎಣ್ಣೆಯ ಬೆಂಕಿಗೂ ನೀರು ಎರಚಬಾರದು ಎಂಬುದನ್ನೂ ಹೇಳಿಕೊಡಬೇಕು.

ಹೋಟೆಲಿನವರು ಗ್ಯಾಸಿನ ಕಡೆ ನೋಡಲಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಹರಿದು ತಗ್ಗಿನಲ್ಲಿ ಕೂರುತ್ತದೆ. ನೆಲಮಾಳಿಗೆಯಲ್ಲಿ ಸಿಲಿಂಡರು ಇಡುವುದು ಅಂದರೆ ಬಾಂಬು ಇಟ್ಟ ಹಾಗೆ. 19 ಕೆ.ಜಿ.ಯ ವ್ಯಾಪಾರದ ಸಿಲಿಂಡರಿನ ಬದಲು 14.2 ಕೆ.ಜಿ.ಯ ಮನೆ ಸಿಲಿಂಡರು ಉರಿಸುವವರಿಗೆ ಉಳಿತಾಯ ಕಾಣುತ್ತದೆ. ಬಿರುಕು ಬಿಟ್ಟ ರಬ್ಬರ್ ಪೈಪು ಮಾತ್ರ ಕಾಣುವುದಿಲ್ಲ!

ನೀರಿನ ಪಂಪು ಇರುವ ಕಟ್ಟಡದವರು ಇನ್ನೊಂದು ನೋಡಿಕೊಳ್ಳಬೇಕು. ಬೆಂಕಿ ಬಿದ್ದ ಕೂಡಲೇ ಮೊದಲು ಮಾಡುವ ಕೆಲಸ ಮೇನ್ ಸ್ವಿಚ್ ಆಫ್. ಪಂಪೂ ಅದೇ ಮೇನಿನಲ್ಲಿದ್ದರೆ ನೀರೂ ಆಫ್! ಅದಕ್ಕೆ ಬೇರೆ ಲೈನು ಬೇಕು.

ಕಾಸು ಯಾರು ಬಿಚ್ಚೋದು?

ಇಲ್ಲೇ ಗಾಡಿ ನಿಲ್ಲುವುದು. 'ಬಿಲ್ಡಿಂಗು ಅವರದು, ಅವರೇ ಮಾಡಿಸಲಿ' ಎಂದು ಬಾಡಿಗೆಯವರು. 'ವ್ಯಾಪಾರ ಅವರದು, ಅವರೇ ಮಾಡಿಸಲಿ' ಎಂದು ಮಾಲೀಕರು. ಇಬ್ಬರ ಜಗಳದಲ್ಲಿ ಮೆಟ್ಟಿಲು ಅನಾಥ.

ಅಂಗಡಿಯವರ ಕಷ್ಟವನ್ನೂ ನೋಡಬೇಕು. ಹತ್ತು ಹನ್ನೆರಡು ಅಡಿಯ ಅಂಗಡಿ, ದೀಪಾವಳಿಯ ಮಾಲು ಬಂದು ಇಳಿದರೆ ಇಡುವುದೆಲ್ಲಿ? ಗಾಡಿ ನಿಲ್ಲಿಸಲು ಬಿಟ್ಟ ನೆಲಮಾಳಿಗೆಯನ್ನು ಯಾರಿಗೋ ಗೋಡೌನಿಗೆ ಕೊಟ್ಟು, ಮೆಟ್ಟಿಲ ಕೆಳಗಿನ ಸಂದಿಯನ್ನು ಜೆರಾಕ್ಸಿನವನಿಗೆ ಕೊಟ್ಟು ಬಾಡಿಗೆ ಎಣಿಸುವವರು ಮಾಲೀಕರೇ ಆಗಿದ್ದರೆ, ಬರೀ ಅಂಗಡಿಯವನ ಡಬ್ಬದ ಮೇಲೆ ಬೆರಳು ತೋರಿಸುವುದು ನ್ಯಾಯವಲ್ಲ.

ಹಂಚಿಕೆ ಕಷ್ಟವೇನಲ್ಲ. ಎಲ್ಲರೂ ಬಳಸುವ ಮೆಟ್ಟಿಲು, ಮೀಟರ್ ರೂಮು, ತಾರಸಿ, ಟ್ಯಾಂಕು, ಪಂಪು, ಲಿಫ್ಟು ಮಾಲೀಕರದು. ಶಟರಿನಿಂದ ಒಳಗಿನದು ಅಂಗಡಿಯವರದು. ಇದನ್ನು ಬಾಡಿಗೆ ಕರಾರಿನಲ್ಲೇ ನಾಲ್ಕು ಸಾಲು ಬರೆದುಕೊಂಡರೆ ಜಗಳ ಮುಗಿಯಿತು. ಹಬ್ಬದ ಮಾಲಿಗೆ ಹತ್ತು ಅಂಗಡಿಯವರು ಸೇರಿ ಬೇರೆ ಕಡೆ ಒಂದು ಗೋಡೌನು ಹಿಡಿದರೆ ತಲೆಗೆ ಬೀಳುವುದು ಹೆಚ್ಚೇನಲ್ಲ.

ಕಾಗದ ಪತ್ರ ಕೂಡ ಒಂದು ಫೈಲಿನಲ್ಲಿರಲಿ. ಕಟ್ಟಡದ ನಕ್ಷೆ, ವೈರಿಂಗಿನ ವರದಿ, ಲಿಫ್ಟಿನ ಪತ್ರ, ರೀಫಿಲ್ ರಸೀದಿ. ಸಾಹೇಬರು ಬಂದಾಗ ದೋಷ ಮುಚ್ಚಿಡುವ ಬದಲು 'ಇದೊಂದು ಬಾಕಿ ಇದೆ, ಮುಂದಿನ ತಿಂಗಳು ಮಾಡಿಸ್ತೀವಿ' ಎಂದು ತೋರಿಸುವುದೇ ಲಾಭ. ಡಾಕ್ಟರ ಹತ್ತಿರ ಹೋಗಿ ನೋವು ಎಲ್ಲಿ ಅಂತ ಹೇಳದೇ ಇದ್ದರೆ ಔಷಧಿ ಎಲ್ಲಿಂದ ಬರುತ್ತದೆ?

ಸಾಹೇಬರಿಗೂ ಒಂದು ಮಾತು

ಎಲ್ಲ ತಪ್ಪೂ ಅಂಗಡಿಯವರದೇ ಅಂತ ಹೇಳಿದರೆ ಅದೂ ಸುಳ್ಳೇ. ವಾರ ಮೊದಲೇ ತಿಳಿಸಿ ಬರುವ ತಪಾಸಣೆ, ಕೆಳ ಅಂತಸ್ತಿನಲ್ಲೇ ಕೂತು ಮುಗಿಯುವ ತಪಾಸಣೆ, ದೊಡ್ಡವರ ಕಟ್ಟಡದ ಮುಂದೆ ಜೀಪಿನ ವೇಗ ಹೆಚ್ಚುವ ತಪಾಸಣೆ ಯಾರಿಗೂ ಬೇಡ. ಬರುವವರು ಒಮ್ಮೆಯಾದರೂ ಹೇಳದೆ ಬರಲಿ, ಸಂಜೆ ಏಳರ ರಶ್ಶಿನಲ್ಲಿ ಬರಲಿ, ತಾರಸಿವರೆಗೂ ಹತ್ತಲಿ. ಕಂಡ ದೋಷಗಳನ್ನು ಕನ್ನಡದಲ್ಲಿ ಬರೆದು, ಸರಿಮಾಡುವ ಗಡುವು ಹಾಕಿ, ಮೆಟ್ಟಿಲ ಬುಡದಲ್ಲೇ ಅಂಟಿಸಲಿ. ಗಡುವು ಮುಗಿದ ದಿನ ಮತ್ತೆ ಬರಲಿ. ಹತ್ತಿ ಇಳಿಯುವ ಜನಕ್ಕೂ ಗೊತ್ತಾಗಲಿ.

ಯಾಕೆಂದರೆ ಆ ಮೆಟ್ಟಿಲು ಮಾಲೀಕರದೂ ಅಲ್ಲ, ಸಾಹೇಬರದೂ ಅಲ್ಲ. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ ಅಂತ ಹಲ್ಲಿನ ಡಾಕ್ಟರ ಹತ್ತಿರ ಹತ್ತಿಹೋದ ಹಳ್ಳಿಯ ಮುದುಕನದು. ಮೂರನೇ ಮಹಡಿಯ ಕಂಪ್ಯೂಟರ್ ಕ್ಲಾಸಿನ ಹುಡುಗಿಯದು. ಸೀರೆ ಅಂಗಡಿಯಲ್ಲಿ ಬೆಳಗಿನಿಂದ ನಿಂತೇ ದುಡಿದು ಕೊನೇ ಬಸ್ಸು ಹಿಡಿಯಲು ಓಡುವ ಹೆಣ್ಣುಮಗಳದು. ಅವರು ಬಸ್ ಸ್ಟ್ಯಾಂಡಿನಿಂದ ಮನೆಗೆ ಹೋಗಬೇಕು, ಆಸ್ಪತ್ರೆಗಲ್ಲ.

ಇನ್ಸ್‌ಪೆಕ್ಷನ್ ಯಾವತ್ತು ಅಂತ ಕೇಳುತ್ತಾ ಕೂರುವ ಬದಲು, ಇವತ್ತು ರಾತ್ರಿ ಶಟರ್ ಎಳೆಯುವ ಮುಂಚೆ ಮೆಟ್ಟಿಲ ಮೇಲಿನ ಡಬ್ಬ ಎತ್ತಿಡಬಹುದಲ್ಲ? ಅದಕ್ಕೆ ಸಾಹೇಬರೂ ಬೇಕಿಲ್ಲ, ಕಾಸೂ ಬೇಕಿಲ್ಲ. ವರ್ತಕರು, ಮಾಲೀಕರು, ಸಂಬಂಧಪಟ್ಟವರು ಗಮನ ಕೊಡುವರೇ?